ಅಪ್‌ಗ್ರೇಡ್ ಆದ ಮೇಲೆ ಅಲರ್ಟ್ ಬರ್ತಿಲ್ವಾ? ಜ್ಯಾಬಿಕ್ಸ್‌ನಲ್ಲಿ ಕೊಂಡಿ ಕಳಚಿದ್ದೆಲ್ಲಿ ಅಂತ ಹುಡುಕುವ ಬಗೆ

ನೆಟ್‌ವರ್ಕ್ ಮೇಲೆ ಕಣ್ಣಿಟ್ಟು, ಏನಾದರೂ ಕೆಟ್ಟರೆ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ಜ್ಯಾಬಿಕ್ಸ್. ಶನಿವಾರ ರಾತ್ರಿ ಕೂತು ಅದರ ಸರ್ವರನ್ನು 5.0 ರಿಂದ 7.0ಕ್ಕೆ ಏರಿಸಿದ್ದೆವು. ಡ್ಯಾಶ್‌ಬೋರ್ಡ್ ತೆರೆದುಕೊಂಡಿತು. ಗ್ರಾಫ್‌ಗಳು ಓಡುತ್ತಿದ್ದವು. ಭಾನುವಾರ ಇಡೀ ದಿನ ಮೊಬೈಲ್‌ಗೆ ಒಂದೂ ಮೆಸೇಜ್ ಬರಲಿಲ್ಲ. ಸದ್ಯ, ಎಲ್ಲ ಸುಸೂತ್ರವಾಯಿತು ಅಂದುಕೊಂಡೆವು. ಸೋಮವಾರ ಮಧ್ಯಾಹ್ನ ಒಂದು ಶಾಖೆಯಿಂದ ಫೋನ್ ಬಂತು.

"ಸರ್, ಬೆಳಗ್ಗೆಯಿಂದ ಲಿಂಕ್ ಇಲ್ಲ. ನಿಮಗೆ ಹೇಗೂ ಮೆಸೇಜ್ ಬಂದಿರುತ್ತೆ, ನೋಡ್ತಾ ಇರ್ತೀರಿ ಅಂತ ಸುಮ್ನೆ ಕಾಯ್ತಾ ಇದ್ವಿ."

ನಮಗೆ ಮೆಸೇಜ್ ಬಂದಿರಲಿಲ್ಲ. ಆದರೆ ಜ್ಯಾಬಿಕ್ಸ್‌ಗೆ ವಿಷಯ ಗೊತ್ತಿತ್ತು. ಪ್ರಾಬ್ಲಮ್ಸ್ ಪುಟದಲ್ಲಿ ಆ ರೂಟರ್ ಬೆಳಗ್ಗೆಯಿಂದ ಕೆಂಪಾಗಿ ಕೂತಿತ್ತು. ಕೆಂಪಾಗಿದ್ದನ್ನು ನಮ್ಮ ಕಿವಿಗೆ ಹಾಕುವ ಕೊಂಡಿ ಮಾತ್ರ ಅಪ್‌ಗ್ರೇಡ್‌ನಲ್ಲಿ ಕಳಚಿಕೊಂಡಿತ್ತು. ಶಾಖೆಯವರು ನಮ್ಮ ಮೇಲೆ ನಂಬಿಕೆ ಇಟ್ಟು ಕಾದರಲ್ಲ, ಅದು ನನಗೆ ತುಂಬಾ ನೋವು ಕೊಟ್ಟಿತು.

ಅಪ್‌ಗ್ರೇಡ್ ಆದ ಮೇಲೆ ಅಲರ್ಟ್‌ಗಳು ರಾಶಿ ರಾಶಿ ಬಂದರೆ ಕಿರಿಕಿರಿ ಆಗುತ್ತದೆ, ಆದರೆ ತೊಂದರೆ ಇದೆ ಅಂತ ಗೊತ್ತಾಗುತ್ತದೆ. ಒಂದೂ ಬರದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಈ ಲೇಖನ ಹೆಚ್ಚಾಗಿ ಆ ಮೌನದ ಬಗ್ಗೆ. ಉದಾಹರಣೆಗೆ ಜ್ಯಾಬಿಕ್ಸ್ ತೆಗೆದುಕೊಂಡಿದ್ದೇನೆ, ನಾನು ದಿನವೂ ಕೈ ಹಾಕುವುದು ಅದಕ್ಕೇ. ಮೆನು ಹೆಸರುಗಳು 7.0ರವು. 6.4ರಲ್ಲಿ ಮೆನು ಬದಲಾಯಿತು, ಹಳೆಯ ಕಾನ್ಫಿಗರೇಷನ್ ಮೆನು ಡೇಟಾ ಕಲೆಕ್ಷನ್, ಅಲರ್ಟ್ಸ್ ಅಂತೆಲ್ಲ ಒಡೆದು ಹೋಯಿತು. ಹಾಗಾಗಿ ಹಳೆಯ ವರ್ಷನ್‌ನಲ್ಲಿರುವವರು ಸ್ವಲ್ಪ ಹುಡುಕಬೇಕಾಗುತ್ತದೆ.

ನಡುವಿನಿಂದ ಶುರು ಮಾಡಿ

ಒಂದು ಅಲರ್ಟ್ ನಿಮ್ಮ ಮೊಬೈಲ್ ತಲುಪಲು ಐದು ಕೈ ದಾಟಬೇಕು. ಸ್ವಿಚ್ಚಿನಿಂದ (ಕಂಪ್ಯೂಟರ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಪೆಟ್ಟಿಗೆ) ಡೇಟಾ ಬರಬೇಕು, ಅದಕ್ಕೆ ಐಟಂ ಅನ್ನುತ್ತಾರೆ. ಟ್ರಿಗರ್ ಆ ಡೇಟಾ ನೋಡಿ ಲೆಕ್ಕ ಹಾಕಬೇಕು. ಲೆಕ್ಕದಲ್ಲಿ ತೊಂದರೆ ಕಂಡರೆ ಪ್ರಾಬ್ಲಂ ಹುಟ್ಟಬೇಕು. ಆ ಪ್ರಾಬ್ಲಂ ಯಾವುದಾದರೂ ಆಕ್ಷನ್‌ನ ಷರತ್ತಿಗೆ ಹೊಂದಬೇಕು. ಕೊನೆಗೆ ಮೀಡಿಯಾ ಟೈಪ್, ಅಂದರೆ ಮೇಲ್, ಎಸ್ಸೆಮ್ಮೆಸ್, ಟೆಲಿಗ್ರಾಂ ಇತ್ಯಾದಿ, ಅದನ್ನು ಹೊತ್ತು ತರಬೇಕು.

ತುಂಬಾ ಜನ ಮೊದಲು ಮೇಲ್ ಸೆಟ್ಟಿಂಗ್ ಬಿಚ್ಚುತ್ತಾರೆ. ಹಾಗೆ ಮಾಡಬೇಡಿ. ನಡುವಿನ ಕೊಂಡಿ ನೋಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಪರೀಕ್ಷೆಗೆ ಇಟ್ಟ ಒಂದು ಸ್ವಿಚ್‌ನ ಕೇಬಲ್ ತೆಗೆಯಿರಿ. ಮಾನಿಟರಿಂಗ್ ಮೆನುವಿನ ಪ್ರಾಬ್ಲಮ್ಸ್ ಪುಟ ತೆರೆದು ಐದು ನಿಮಿಷ ಕಾಯಿರಿ. ಸಾಲು ಮೂಡಿತೇ? ಹಾಗಾದರೆ ಡೇಟಾ, ಟ್ರಿಗರ್ ಎರಡೂ ಸರಿ ಇವೆ, ತಪ್ಪು ಆಕ್ಷನ್ ಕಡೆಗಿದೆ. ಮೂಡಲಿಲ್ಲವೇ? ಆಗ ಮೇಲ್ ಸರ್ವರ್ ಮುಟ್ಟಲೇಬೇಡಿ, ತಪ್ಪು ಡೇಟಾ ಕಡೆಗಿದೆ.

ಇದಕ್ಕೂ ಮುಂಚೆ ಎರಡು ವಿಷಯ ನೋಡಿಬಿಡಿ. ಅಪ್‌ಗ್ರೇಡ್ ಮಾಡುವಾಗ ಎಲ್ಲ ಹೋಸ್ಟ್‌ಗಳನ್ನೂ (ಜ್ಯಾಬಿಕ್ಸ್ ಕಾಯುವ ಸಾಧನಗಳು) ಮೇಂಟೆನೆನ್ಸ್‌ಗೆ, ಅಂದರೆ ಸದ್ಯಕ್ಕೆ ಅಲರ್ಟ್ ಬೇಡ ಅನ್ನುವ ಸ್ಥಿತಿಗೆ, ಹಾಕಿರುತ್ತೀರಿ, ಅಲ್ವಾ? ಅದರ ಅವಧಿ ಮುಗಿದಿದೆಯೇ ನೋಡಿ. ಮೇಂಟೆನೆನ್ಸ್‌ನಲ್ಲಿರುವ ಹೋಸ್ಟ್‌ನ ಪ್ರಾಬ್ಲಂ ಹುಟ್ಟುತ್ತದೆ, ಆದರೆ ಸಪ್ರೆಸ್ಡ್ ಅಂತ ಮುಚ್ಚಿಟ್ಟಿರುತ್ತದೆ. ಪ್ರಾಬ್ಲಮ್ಸ್ ಪುಟದ ಫಿಲ್ಟರ್‌ನಲ್ಲಿ ಸಪ್ರೆಸ್ಡ್ ಪ್ರಾಬ್ಲಮ್ಸ್ ತೋರಿಸು ಅನ್ನುವ ಚೌಕಕ್ಕೆ ಟಿಕ್ ಹಾಕದಿದ್ದರೆ ಕಣ್ಣಿಗೂ ಬೀಳುವುದಿಲ್ಲ. ಎರಡನೆಯದು, ಮೆಸೇಜ್‌ಗಳ ಪ್ರವಾಹ ಬೇಡ ಅಂತ ಯಾರಾದರೂ ಆಕ್ಷನ್‌ಗಳನ್ನೇ ಡಿಸೇಬಲ್ ಮಾಡಿರಬಹುದು. ರಾತ್ರಿ ಎರಡು ಗಂಟೆಗೆ ಆಫ್ ಮಾಡಿದ್ದನ್ನು ಬೆಳಗ್ಗೆ ಮರೆಯುವುದು ಯಾರಿಗಾದರೂ ಆಗುತ್ತದೆ.

ಪುಟದಲ್ಲಿ ಕೆಂಪು ಇದೆ, ಮೆಸೇಜ್ ಇಲ್ಲ

ರಿಪೋರ್ಟ್ಸ್ ಮೆನುವಿನಲ್ಲಿ ಆಕ್ಷನ್ ಲಾಗ್ ಇದೆ. ಆ ಪ್ರಾಬ್ಲಂ ಹುಟ್ಟಿದ ಹೊತ್ತಿಗೆ ಅಲ್ಲಿ ಸಾಲು ಇದೆಯೇ ಹುಡುಕಿ. ಮೂರರಲ್ಲಿ ಒಂದು ಕಾಣುತ್ತದೆ: ಸಾಲೇ ಇಲ್ಲ, ಫೇಲ್ಡ್ ಅಂತಿದೆ, ಅಥವಾ ಸೆಂಟ್ (ಕಳಿಸಿದೆ) ಅಂತಿದೆ.

ಸಾಲೇ ಇಲ್ಲದಿದ್ದರೆ ಆಕ್ಷನ್ ಆ ಪ್ರಾಬ್ಲಂ ಅನ್ನು ತನ್ನದು ಅಂತ ಒಪ್ಪಿಕೊಂಡಿಲ್ಲ ಎಂದರ್ಥ. ನಮಗೆ ಆಗಿದ್ದು ಇದೇ. ಅಲರ್ಟ್ಸ್ ಮೆನುವಿನಲ್ಲಿ ಟ್ರಿಗರ್ ಆಕ್ಷನ್ಸ್‌ಗೆ ಹೋಗಿ, ಆಕ್ಷನ್ ತೆರೆದು ಷರತ್ತುಗಳನ್ನು ಒಂದೊಂದಾಗಿ ಓದಿದೆ. ನಮ್ಮ ಆಕ್ಷನ್‌ನ ಷರತ್ತು ಹೀಗಿತ್ತು: ಟ್ರಿಗರ್ ಹೆಸರಿನಲ್ಲಿ 'ಬ್ರಾಂಚ್' ಅನ್ನುವ ಪದ ಇರಬೇಕು. ಯಾವಾಗಲೋ ಟೆಂಪ್ಲೇಟ್‌ಗೆ (ಐಟಂ, ಟ್ರಿಗರ್‌ಗಳ ಸಿದ್ಧ ಅಚ್ಚು) ನಾವೇ ಆ ಪದ ಸೇರಿಸಿದ್ದೆವು. ಅಪ್‌ಗ್ರೇಡ್ ಆದ ಮೇಲೆ ಹೊಸ ಟೆಂಪ್ಲೇಟ್ ಇಂಪೋರ್ಟ್ ಮಾಡಿದಾಗ ಹಳೆಯ ಹೆಸರಿನ ಮೇಲೆ ಹೊಸ ಹೆಸರು ಬರೆದುಕೊಂಡಿತು, 'ಬ್ರಾಂಚ್' ಹೋಯಿತು. ಟ್ರಿಗರ್ ತನ್ನ ಕೆಲಸ ಮಾಡಿತು, ಆಕ್ಷನ್ ಹೆಸರು ನೋಡಿ ನನ್ನದಲ್ಲ ಅಂತ ಬಿಟ್ಟಿತು.

ಒಂದು ವಿಷಯ ಗಮನದಲ್ಲಿಡಿ. ಸರ್ವರ್ ಅಪ್‌ಗ್ರೇಡ್ ಮಾಡಿದ ಮಾತ್ರಕ್ಕೆ ಟೆಂಪ್ಲೇಟ್‌ಗಳು ತಾವಾಗಿ ಹೊಸದಾಗುವುದಿಲ್ಲ. ನಾವೇ ಇಂಪೋರ್ಟ್ ಮಾಡಬೇಕು. ಆಗ 'ಡಿಲೀಟ್ ಮಿಸ್ಸಿಂಗ್' ಅನ್ನುವ ಚೌಕಗಳಿಗೆ ಟಿಕ್ ಹಾಕಿದರೆ, ಹೊಸ ಫೈಲ್‌ನಲ್ಲಿ ಇಲ್ಲದ, ನೀವೇ ಸೇರಿಸಿಕೊಂಡಿದ್ದ ಐಟಂ, ಟ್ರಿಗರ್‌ಗಳೆಲ್ಲ ಅಳಿಸಿಹೋಗುತ್ತವೆ. ಇಂಪೋರ್ಟ್‌ಗೆ ಮುಂಚೆ ಹಳೆಯ ಟೆಂಪ್ಲೇಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ, ಎರಡು ಕ್ಲಿಕ್‌ನ ಕೆಲಸ. ನಿಮ್ಮದೇ ಬದಲಾವಣೆಗಳಿದ್ದರೆ ಮೂಲ ಟೆಂಪ್ಲೇಟ್ ಮುಟ್ಟದೆ ಅದರ ನಕಲು ಮಾಡಿ, ಬೇರೆ ಹೆಸರಿಟ್ಟು ಬಳಸುವುದು ಇನ್ನೂ ಒಳ್ಳೆಯದು.

ಆಕ್ಷನ್ ಷರತ್ತಿಗೆ ಹೆಸರನ್ನು ನಂಬಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಹೋಸ್ಟ್ ಗ್ರೂಪ್, ಸಿವಿಯಾರಿಟಿ (ತೊಂದರೆಯ ಗಂಭೀರತೆ), ಹೋಸ್ಟ್‌ಗೆ ನೀವು ಹಾಕಿದ ಟ್ಯಾಗ್ (ಗುರುತಿನ ಚೀಟಿ), ಈ ಮೂರನ್ನು ಹಿಡಿದು ಷರತ್ತು ಬರೆಯಿರಿ. ಹೋಸ್ಟ್ ಮೇಲಿನ ಟ್ಯಾಗ್ ಟೆಂಪ್ಲೇಟ್ ಬದಲಾದರೂ ಅಲ್ಲೇ ಇರುತ್ತದೆ. ಟ್ಯಾಗ್‌ಗೆ ಇನ್ನೊಂದು ಕಾರಣವೂ ಇದೆ. 5.4ಕ್ಕೆ ಮುಂಚೆ ಐಟಂಗಳನ್ನು ಅಪ್ಲಿಕೇಷನ್ ಅಂತ ಗುಂಪು ಮಾಡುತ್ತಿದ್ದೆವು. 5.4ರಲ್ಲಿ ಅದನ್ನು ತೆಗೆದು ಟ್ಯಾಗ್ ತಂದರು. ಹಳೆಯ ಆಕ್ಷನ್‌ಗಳಲ್ಲಿ ಅಪ್ಲಿಕೇಷನ್ ಹಿಡಿದು ಷರತ್ತು ಬರೆದಿದ್ದರೆ ಅಪ್‌ಗ್ರೇಡ್ ಆದ ಮೇಲೆ ಅದೇನಾಗಿದೆ ಅಂತ ಕಣ್ಣಾರೆ ನೋಡಿ.

ಷರತ್ತು ಸರಿ ಇದ್ದರೂ ಸಾಲು ಇಲ್ಲವೇ? ಮೆಸೇಜ್ ಹೋಗಬೇಕಾದ ಯೂಸರ್‌ಗೆ ಆ ಹೋಸ್ಟ್ ಗ್ರೂಪ್ ಓದುವ ಅನುಮತಿ ಬೇಕು. ಅನುಮತಿ ಇಲ್ಲದವರಿಗೆ ಜ್ಯಾಬಿಕ್ಸ್ ಮೆಸೇಜ್ ಕಳಿಸುವುದಿಲ್ಲ. ಅಪ್‌ಗ್ರೇಡ್ ನೆಪದಲ್ಲಿ ಗ್ರೂಪ್‌ಗಳನ್ನು ಹೊಸದಾಗಿ ಜೋಡಿಸಿದ್ದರೆ ಇಲ್ಲಿ ಎಡವುವುದು ಸಾಮಾನ್ಯ. ಯೂಸರ್‌ನ ಮೀಡಿಯಾ ಟ್ಯಾಬ್‌ನಲ್ಲಿ ಸಮಯ ಮತ್ತು ಸಿವಿಯಾರಿಟಿ ಕೂಡ ನೋಡಿ.

ಫೇಲ್ಡ್ ಅಂತಿದ್ದರೆ ಕೆಲಸ ಸುಲಭ. ಸಾಲಿನ ಕೊನೆಯ ಗುರುತಿನ ಮೇಲೆ ಮೌಸ್ ಇಟ್ಟರೆ ಕಾರಣ ಕಾಣುತ್ತದೆ. 4.x ನಿಂದ ಬಂದವರಿಗೆ 'ಮೀಡಿಯಾ ಟೈಪ್‌ಗೆ ಮೆಸೇಜ್ ಬರೆದಿಲ್ಲ' ಅನ್ನುವ ಅರ್ಥದ ತಪ್ಪು ಸಿಗಬಹುದು. 5.0ರಲ್ಲಿ ಮೆಸೇಜ್‌ನ ಒಕ್ಕಣೆ ಆಕ್ಷನ್‌ನಿಂದ ಮೀಡಿಯಾ ಟೈಪ್‌ಗೆ ಹೋಯಿತು. ಮೀಡಿಯಾ ಟೈಪ್ ತೆರೆದು ಮೆಸೇಜ್ ಟೆಂಪ್ಲೇಟ್ಸ್ ಟ್ಯಾಬ್‌ನಲ್ಲಿ ಪ್ರಾಬ್ಲಂ, ಪ್ರಾಬ್ಲಂ ರಿಕವರಿ ಎರಡನ್ನೂ ಸೇರಿಸಿ. ರಿಕವರಿ ಮರೆತರೆ ಲಿಂಕ್ ವಾಪಸ್ ಬಂದಿದ್ದು ಯಾರಿಗೂ ತಿಳಿಯುವುದಿಲ್ಲ, ರಾತ್ರಿ ಡ್ಯೂಟಿಯವರು ಪಾಪ, ಸುಮ್ಮನೆ ಲೈನ್‌ಮನ್‌ಗೆ ಫೋನ್ ಮಾಡುತ್ತಾ ಕೂರುತ್ತಾರೆ.

ನಿಮ್ಮ ಸ್ವಂತ ಸ್ಕ್ರಿಪ್ಟ್‌ನಿಂದ ಮೆಸೇಜ್ ಹೋಗುತ್ತಿದ್ದರೆ ಕಾನ್ಫಿಗ್ ಫೈಲ್‌ನಲ್ಲಿ ಅಲರ್ಟ್ ಸ್ಕ್ರಿಪ್ಟ್ಸ್ ಪಾತ್ ಎಲ್ಲಿಗೆ ತೋರಿಸುತ್ತಿದೆ ನೋಡಿ. ಸೋರ್ಸ್‌ನಿಂದ ಇನ್‌ಸ್ಟಾಲ್ ಮಾಡಿದ್ದನ್ನು ಪ್ಯಾಕೇಜ್‌ಗೆ ಬದಲಾಯಿಸಿದಾಗ ಫೋಲ್ಡರ್ ಬದಲಾಗುತ್ತದೆ, ಹಳೆಯ ಸ್ಕ್ರಿಪ್ಟ್ ಹಳೆಯ ಜಾಗದಲ್ಲೇ ಉಳಿಯುತ್ತದೆ. ಅಪ್‌ಗ್ರೇಡ್‌ನಲ್ಲಿ ಕಾನ್ಫಿಗ್ ಫೈಲ್ ಬಗ್ಗೆ ಹಳೆಯದು ಇಟ್ಟುಕೊಳ್ಳಲೋ ಹೊಸದು ಹಾಕಲೋ ಅಂತ ಕೇಳಿದಾಗ ಏನು ಒತ್ತಿದಿರಿ ಅನ್ನುವುದೂ ಮುಖ್ಯ. ಜೊತೆಗೆ ಆಪರೇಟಿಂಗ್ ಸಿಸ್ಟಂ ಕೂಡ ಏರಿಸಿದ್ದರೆ ಸ್ಕ್ರಿಪ್ಟ್ ಯಾವ ಭಾಷೆಯಲ್ಲಿ ಓಡುತ್ತದೆ ಅಂತ ಹೇಳುವ ಅದರ ಮೊದಲ ಸಾಲು ನೋಡಿ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು, ಹೊಸ ಲಿನಕ್ಸ್‌ಗಳಲ್ಲಿ ಅದು ಇರುವುದಿಲ್ಲ. ಉಬುಂಟು 22.04, ರೆಡ್ ಹ್ಯಾಟ್ 9ರಂಥ ಹೊಸ ಸಿಸ್ಟಂಗಳಲ್ಲಿ ಗೂಢಲಿಪಿ ಕೆಲಸ ನೋಡುವ ಓಪನ್ ಎಸ್‌ಎಸ್‌ಎಲ್ 3 ಇದೆ. ಅದು ಟಿಎಲ್‌ಎಸ್ (ಸಂಪರ್ಕ ಭದ್ರಪಡಿಸುವ ವಿಧಾನ) 1.0, 1.1 ಮಾತ್ರ ಗೊತ್ತಿರುವ ಹಳೆಯ ಮೇಲ್ ಸರ್ವರ್ ಜೊತೆ ಕೈ ಕುಲುಕುವುದಿಲ್ಲ. ಸರಿಯಾದ ದಾರಿ ಮೇಲ್ ಸರ್ವರ್ ಹೊಸದು ಮಾಡುವುದು. ಮಾನಿಟರಿಂಗ್ ಮಷಿನ್‌ನ ಭದ್ರತೆ ಸಡಿಲ ಮಾಡಬೇಡಿ.

ಏನೇ ಸರಿ ಮಾಡಿದರೂ ಮೀಡಿಯಾ ಟೈಪ್ಸ್ ಪಟ್ಟಿಯಲ್ಲಿ ಪ್ರತಿ ಸಾಲಿನ ಕೊನೆಗಿರುವ ಟೆಸ್ಟ್ ಒತ್ತಿ ನೋಡಿ. ಟೆಲಿಗ್ರಾಂ, ಸ್ಲ್ಯಾಕ್ ತರಹದ ವೆಬ್‌ಹುಕ್‌ಗಳೂ (ಆ ಆ್ಯಪ್‌ಗಳಿಗೆ ಮೆಸೇಜ್ ಒಯ್ಯುವ ಕೋಡ್) ಟೆಂಪ್ಲೇಟ್‌ನ ಹಾಗೇ, ತಾವಾಗಿ ಹೊಸದಾಗುವುದಿಲ್ಲ. ಹೊಸ ಫೈಲ್ ಇಂಪೋರ್ಟ್ ಮಾಡಿ, ಟೋಕನ್ (ಗುರುತಿನ ಕೀಲಿ) ಮತ್ತೆ ಹಾಕಿ.

ಇನ್ನು ಸೆಂಟ್ ಅಂತಿದ್ದೂ ಮೊಬೈಲ್‌ಗೆ ಬರಲಿಲ್ಲ ಅಂದರೆ? ಜ್ಯಾಬಿಕ್ಸ್ ತನ್ನ ಕೈ ತೊಳೆದುಕೊಂಡಿದೆ, ಮುಂದಿನವರು ಬೀಳಿಸಿದ್ದಾರೆ. ಎಸ್ಸೆಮ್ಮೆಸ್ ಬಳಸುವವರು ಇದನ್ನು ಗಮನವಿಟ್ಟು ಓದಿ. ನಮ್ಮ ದೇಶದಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದ ಪ್ರಕಾರ ಕಂಪನಿಗಳು ಕಳಿಸುವ ಎಸ್ಸೆಮ್ಮೆಸ್‌ನ ಒಕ್ಕಣೆಯನ್ನು ಡಿಎಲ್‌ಟಿ ಅನ್ನುವ ಆಪರೇಟರ್‌ಗಳ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಕಳಿಸಿದ ಮೆಸೇಜ್ ಆ ಒಕ್ಕಣೆಗೆ ಹೊಂದದಿದ್ದರೆ ಆಪರೇಟರ್ ಅದನ್ನು ತಡೆಯುತ್ತಾರೆ. ಅಪ್‌ಗ್ರೇಡ್‌ನಲ್ಲಿ ಮೆಸೇಜ್‌ನ ಆರಂಭ ಬದಲಾಯಿತು, ಎರಡು ಪದ ಹೆಚ್ಚಾಯಿತು ಅಂದರೆ ಸಾಕು, ಮೆಸೇಜ್ ದಾರಿಯಲ್ಲೇ ಸಾಯುತ್ತದೆ. ಗೇಟ್‌ವೇ ಮಾತ್ರ 'ಸ್ವೀಕರಿಸಿದೆ' ಅಂತ ಉತ್ತರ ಕೊಟ್ಟಿರುತ್ತದೆ, ಅದಕ್ಕೇ ಜ್ಯಾಬಿಕ್ಸ್ ಸೆಂಟ್ ಅನ್ನುತ್ತದೆ. ಗೇಟ್‌ವೇಯ ಡೆಲಿವರಿ ರಿಪೋರ್ಟ್ ತೆರೆದು ನೋಡಿದರೆ ನಿಜ ಗೊತ್ತಾಗುತ್ತದೆ. ಎಸ್ಸೆಮ್ಮೆಸ್‌ಗೆ ಬೇರೆಯೇ ಚಿಕ್ಕ ಒಕ್ಕಣೆ ಇಟ್ಟುಕೊಂಡು, ಯಾವ ಅಪ್‌ಗ್ರೇಡ್‌ನಲ್ಲೂ ಅದನ್ನು ಮುಟ್ಟದಿರುವುದು ಜಾಣತನ.

ಪುಟದಲ್ಲಿ ಏನೂ ಮೂಡಲಿಲ್ಲ

ಮೊದಲು ಸರ್ವರ್ ನಿಜವಾಗಿ ಓಡುತ್ತಿದೆಯೇ ನೋಡಿ. ವೆಬ್ ಪುಟ ತೆರೆಯುತ್ತದೆ ಅಂದ ಮಾತ್ರಕ್ಕೆ ಸರ್ವರ್ ಓಡುತ್ತಿದೆ ಅಂತಲ್ಲ, ಎರಡೂ ಬೇರೆ ಬೇರೆ. ರಿಪೋರ್ಟ್ಸ್‌ನ ಸಿಸ್ಟಂ ಇನ್ಫರ್ಮೇಷನ್ ಪುಟದಲ್ಲಿ ಮೊದಲ ಸಾಲೇ ಅದನ್ನು ಹೇಳುತ್ತದೆ. 'ನೋ' ಅಂತಿದ್ದರೆ ಸರ್ವರ್ ಲಾಗ್ ತೆರೆಯಿರಿ. ಹೊಸ ವರ್ಷನ್ ಮೊದಲ ಸಲ ಶುರುವಾದಾಗ ಡೇಟಾಬೇಸನ್ನು ತಾನೇ ಹೊಸ ರೂಪಕ್ಕೆ ತರುತ್ತದೆ, ಶೇಕಡ ಎಷ್ಟಾಯಿತು ಅಂತ ಲಾಗ್‌ನಲ್ಲಿ ಬರೆಯುತ್ತಾ ಹೋಗುತ್ತದೆ. ನೂರು ಮುಟ್ಟಿದೆಯೇ ನೋಡಿ. ಮೈಸ್ಕ್ಯುಎಲ್‌ನಲ್ಲಿ ಬೈನರಿ ಲಾಗ್ ಆನ್ ಇದ್ದರೆ ಸೂಪರ್ ಪ್ರಿವಿಲೇಜ್ ಇಲ್ಲ ಅಂತ ನಡುವೆ ನಿಂತುಬಿಡುವುದು ಇದೆ. ಲಾಗ್ ಬಿನ್ ಟ್ರಸ್ಟ್ ಫಂಕ್ಷನ್ ಕ್ರಿಯೇಟರ್ಸ್ ಅನ್ನುವ ಸೆಟ್ಟಿಂಗನ್ನು 1 ಮಾಡಿ, ಅಪ್‌ಗ್ರೇಡ್ ಮುಗಿದ ಮೇಲೆ ಮತ್ತೆ 0 ಮಾಡಿ. ಡೇಟಾಬೇಸ್ ವರ್ಷನ್ ತೀರ ಹಳೆಯದಾದರೂ ಸರ್ವರ್ ಶುರುವಾಗದೆ ನಿಲ್ಲುತ್ತದೆ, ಕಾರಣ ಲಾಗ್‌ನಲ್ಲೇ ಇರುತ್ತದೆ.

ಸರ್ವರ್ ಓಡುತ್ತಿದ್ದರೆ ಅದೇ ಪುಟದಲ್ಲಿ ಇನ್ನೊಂದು ಅಂಕಿ ಇದೆ, ನನಗೆ ಅದು ನಾಡಿ ಹಿಡಿದು ನೋಡಿದ ಹಾಗೆ. ಐಟಂಗಳ ಸಾಲಿನಲ್ಲಿ ಎನೇಬಲ್ಡ್, ಡಿಸೇಬಲ್ಡ್, ನಾಟ್ ಸಪೋರ್ಟೆಡ್ ಅಂತ ಮೂರು ಸಂಖ್ಯೆ ಇರುತ್ತವೆ. ನಾಟ್ ಸಪೋರ್ಟೆಡ್ ಏಕಾಏಕಿ ಏರಿದ್ದರೆ ಅಷ್ಟು ಐಟಂಗಳು ಡೇಟಾ ತರುತ್ತಿಲ್ಲ ಎಂದು ಅರ್ಥ. ಅವುಗಳನ್ನು ನಂಬಿದ ಟ್ರಿಗರ್‌ಗಳು ಅನ್‌ನೋನ್ ಸ್ಥಿತಿಗೆ ಹೋಗುತ್ತವೆ. ಅನ್‌ನೋನ್ ಆದ ಟ್ರಿಗರ್ ಕೂಗುವುದಿಲ್ಲ, ಹಸಿರಾಗಿಯೂ ಇರುವುದಿಲ್ಲ, ಸುಮ್ಮನೆ ಇದ್ದುಬಿಡುತ್ತದೆ. ಸ್ವಿಚ್ ಸುಟ್ಟುಹೋದರೂ ಅದು ಬಾಯಿ ಬಿಡುವುದಿಲ್ಲ.

ಡೇಟಾ ಕಲೆಕ್ಷನ್‌ನಲ್ಲಿ ಹೋಸ್ಟ್‌ನ ಐಟಂಗಳಿಗೆ ಹೋಗಿ, ಫಿಲ್ಟರ್‌ನಲ್ಲಿ ಸ್ಟೇಟ್ ನಾಟ್ ಸಪೋರ್ಟೆಡ್ ಅಂತ ಆರಿಸಿ. ಪ್ರತಿ ಸಾಲಿನ ಕೊನೆಯ ಗುರುತಿನಲ್ಲಿ ಕಾರಣ ಇದೆ. ಒಂದೇ ಕಾರಣ ಮತ್ತೆ ಮತ್ತೆ ಕಂಡರೆ ಖುಷಿಪಡಿ, ಒಂದು ಕಡೆ ಸರಿ ಮಾಡಿದರೆ ಎಲ್ಲ ಸರಿಯಾಗುತ್ತವೆ. ನಾನು ಹೆಚ್ಚಾಗಿ ನೋಡಿದ ಕಾರಣಗಳು ಇವು.

ಎಲ್ಲ ಹೋಸ್ಟ್‌ಗಳ ಪಿಂಗ್ ಒಟ್ಟಿಗೆ ಸತ್ತಿದ್ದರೆ ಎಫ್‌ಪಿಂಗ್ ನೋಡಿ. ಜ್ಯಾಬಿಕ್ಸ್ ಪಿಂಗ್‌ಗೆ ಆ ಹೊರಗಿನ ಪ್ರೋಗ್ರಾಂ ಬಳಸುತ್ತದೆ. ಅದು ಕೆಲವು ಲಿನಕ್ಸ್‌ನಲ್ಲಿ ಬಿನ್ ಫೋಲ್ಡರ್‌ನಲ್ಲಿರುತ್ತದೆ, ಕೆಲವದರಲ್ಲಿ ಎಸ್‌ಬಿನ್‌ನಲ್ಲಿ. ಹೊಸ ಕಾನ್ಫಿಗ್ ಫೈಲ್ ಬಂದಾಗ ಎಫ್‌ಪಿಂಗ್ ಲೊಕೇಷನ್ ಅನ್ನುವ ಸಾಲು ಮೊದಲಿನ ಸ್ಥಿತಿಗೆ ಹೋಗಿ, ಇಲ್ಲದ ಜಾಗದಲ್ಲಿ ಹುಡುಕುತ್ತಿರುತ್ತದೆ. ಜಾಗ ಸರಿಯಿದ್ದರೆ ಅನುಮತಿ ನೋಡಿ. ರೂಟ್ ಆಗಿ ಪಿಂಗ್ ಹೊಡೆದು ನೋಡಿದರೆ ಏನೂ ತಿಳಿಯದು, ಜ್ಯಾಬಿಕ್ಸ್ ಯೂಸರ್ ಆಗಿಯೇ ಎಫ್‌ಪಿಂಗ್ ಓಡಿಸಿ ನೋಡಿ. ರೆಡ್ ಹ್ಯಾಟ್ ಕಡೆಯವರು ಸೆಲಿನಕ್ಸ್ ಅನ್ನುವ ಭದ್ರತಾ ಕಾವಲು ತಡೆಯುತ್ತಿದೆಯೇ ಅಂತ ಆಡಿಟ್ ಲಾಗ್ ಕೂಡ ನೋಡಬೇಕು.

ಎಲ್ಲ ಎಸ್‌ಎನ್‌ಎಂಪಿ (ಸ್ವಿಚ್, ರೂಟರ್‌ಗಳ ಸ್ಥಿತಿ ಕೇಳುವ ಭಾಷೆ) ಟೈಮ್‌ಔಟ್ ಅಂತಿದ್ದು ಪಿಂಗ್ ಮಾತ್ರ ಚೆನ್ನಾಗಿದ್ದರೆ ಮೊದಲು ಕೇಳಿಕೊಳ್ಳಿ: ಸರ್ವರ್‌ನ ಐಪಿ ಬದಲಾಯಿತೇ? ಎಷ್ಟೋ ಕಡೆ ಅಪ್‌ಗ್ರೇಡ್ ಅಂದರೆ ಹೊಸ ವರ್ಚುವಲ್ ಮಷಿನ್ ಕಟ್ಟಿ ಡೇಟಾಬೇಸ್ ಅಲ್ಲಿಗೆ ಒಯ್ಯುವುದು. ಸ್ವಿಚ್‌ಗಳ ಎಸಿಎಲ್‌ನಲ್ಲಿ, ಅಂದರೆ ಒಳಬಿಡುವವರ ಪಟ್ಟಿಯಲ್ಲಿ, ಹಳೆಯ ಐಪಿ ಇರುತ್ತದೆ, ಹೊಸಬರ ಪ್ರಶ್ನೆಗೆ ಅವು ಉತ್ತರವನ್ನೇ ಕೊಡುವುದಿಲ್ಲ. ಕಂಪ್ಯೂಟರ್‌ಗಳಲ್ಲಿ ಕೂತು ಡೇಟಾ ಕೊಡುವ ಏಜೆಂಟ್‌ಗಳ ಕಾನ್ಫಿಗ್‌ನಲ್ಲಿ ಸರ್ವರ್ ಅನ್ನುವ ಸಾಲಿಗೂ ಇದೇ ಮಾತು. ಏಜೆಂಟ್ ಹಳೆಯ ವರ್ಷನ್ ಆದರೂ ಹೊಸ ಸರ್ವರ್ ಜೊತೆ ಹೊಂದಿಕೊಂಡು ಹೋಗುತ್ತದೆ, ಆದರೆ ಪರಿಚಯ ಇಲ್ಲದ ಐಪಿಗೆ ಬಾಗಿಲು ತೆರೆಯುವುದಿಲ್ಲ.

ಕೆಲವೇ ಸ್ವಿಚ್‌ಗಳಲ್ಲಿ, ಅದೂ ಎಸ್‌ಎನ್‌ಎಂಪಿ ವರ್ಷನ್ 3 ಇರುವ ಹಳೆಯವುಗಳಲ್ಲಿ ಮಾತ್ರ ತೊಂದರೆಯೇ? ಅವುಗಳ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಡಿಇಎಸ್ ಅನ್ನುವ ಗೂಢಲಿಪಿ ವಿಧಾನ ಇದೆಯೇ ನೋಡಿ. ಓಪನ್ ಎಸ್‌ಎಸ್‌ಎಲ್ 3 ಅದನ್ನು ಹಳೆಯ ಸರಕು ಅಂತ ಬದಿಗೆ ಸರಿಸಿದೆ. ಸ್ವಿಚ್‌ನಲ್ಲೇ ಎಇಎಸ್‌ಗೆ ಬದಲಾಯಿಸಿ.

ಒಂದು ಊರಿನ ಅಥವಾ ಒಂದು ಕಟ್ಟಡದ ಎಲ್ಲ ಹೋಸ್ಟ್‌ಗಳೂ ಸುಮ್ಮನಾಗಿದ್ದರೆ ಅಲ್ಲಿನ ಪ್ರಾಕ್ಸಿ (ಸರ್ವರ್ ಪರವಾಗಿ ಡೇಟಾ ಕೂಡಿಸಿ ಕಳಿಸುವ ಮಷಿನ್) ಅಪ್‌ಗ್ರೇಡ್ ಆಗಿದೆಯೇ ನೋಡಿ. ಅಡ್ಮಿನಿಸ್ಟ್ರೇಷನ್ ಮೆನುವಿನ ಪ್ರಾಕ್ಸೀಸ್ ಪುಟದಲ್ಲಿ ವರ್ಷನ್ ಕಾಲಂ ಇದೆ. 7.0 ಸರ್ವರ್‌ಗೆ 6.0 ಪ್ರಾಕ್ಸಿ ಡೇಟಾ ಕಳಿಸಬಲ್ಲದು, ಆದರೆ ಹೊಸ ಕಾನ್ಫಿಗರೇಷನ್ ಪಡೆಯಲಾರದು. ಅಂದರೆ ನೀವು ನಿನ್ನೆ ಸೇರಿಸಿದ ಐಟಂ ಅದಕ್ಕೆ ಗೊತ್ತೇ ಇಲ್ಲ. ಈ ಅರೆಬರೆ ಸ್ಥಿತಿ ತುಂಬಾ ದಿನ ಬಿಡಬೇಡಿ. 5.0 ಪ್ರಾಕ್ಸಿ ಅಂತೂ 7.0 ಜೊತೆ ಮಾತೇ ಆಡುವುದಿಲ್ಲ.

ಟ್ರಿಗರ್ ಬರೆಯುವ ರೀತಿ ಬದಲಾಗಿದೆ

5.4ಕ್ಕೆ ಮುಂಚೆ ಟ್ರಿಗರ್‌ನಲ್ಲಿ ಕರ್ಲಿ ಬ್ರ್ಯಾಕೆಟ್ ಒಳಗೆ ಹೋಸ್ಟ್, ಆಮೇಲೆ ಕೀ, ಕೊನೆಯಲ್ಲಿ ಫಂಕ್ಷನ್ ಬರೆಯುತ್ತಿದ್ದೆವು. ಈಗ ಫಂಕ್ಷನ್ ಮೊದಲು ಬರುತ್ತದೆ, ಅದರ ಬ್ರ್ಯಾಕೆಟ್ ಒಳಗೆ ಸ್ಲ್ಯಾಶ್ ಹಾಕಿ ಹೋಸ್ಟ್ ಮತ್ತು ಕೀ. ಡೇಟಾಬೇಸ್‌ನಲ್ಲಿದ್ದ ಟ್ರಿಗರ್‌ಗಳನ್ನು ಅಪ್‌ಗ್ರೇಡ್ ತಾನೇ ಬದಲಾಯಿಸುತ್ತದೆ, ಹೋದ ಫಂಕ್ಷನ್‌ಗಳ ಜಾಗಕ್ಕೆ ಅದೇ ಅರ್ಥದ ಹೊಸದನ್ನು ಹಾಕುತ್ತದೆ. ಇದುವರೆಗೆ ನನಗೆ ಅಲ್ಲಿ ತೊಂದರೆ ಆಗಿಲ್ಲ.

ತೊಂದರೆ ಆಗುವುದು ಡೇಟಾಬೇಸ್‌ನ ಹೊರಗೆ. ಹೊಸ ಶಾಖೆ ಸೇರಿದಾಗ ಎಪಿಐ (ಪ್ರೋಗ್ರಾಂಗಳು ಜ್ಯಾಬಿಕ್ಸ್ ಜೊತೆ ಮಾತಾಡುವ ದಾರಿ) ಮೂಲಕ ಟ್ರಿಗರ್ ಹುಟ್ಟಿಸುವ ಸ್ಕ್ರಿಪ್ಟ್ ಯಾರೋ ಬರೆದಿಟ್ಟಿರುತ್ತಾರೆ. ಅದರಲ್ಲಿ ಹಳೆಯ ಬರವಣಿಗೆ ಇರುತ್ತದೆ, ಹೊಸ ಸರ್ವರ್ ಅದನ್ನು ಒಪ್ಪುವುದಿಲ್ಲ. ಹಳೆಯ ಹೋಸ್ಟ್‌ಗಳೆಲ್ಲ ಸರಿ ಇರುತ್ತವೆ, ಅಪ್‌ಗ್ರೇಡ್ ನಂತರ ಸೇರಿದವಕ್ಕೆ ಮಾತ್ರ ಟ್ರಿಗರ್ ಇರುವುದಿಲ್ಲ. ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದ ತಪ್ಪು ಇದು. ಲಾಗಿನ್‌ನಲ್ಲೂ ಬದಲಾವಣೆ ಇದೆ: 'ಯೂಸರ್' ಅಂತಿದ್ದ ಹೆಸರು 5.4ರಲ್ಲಿ 'ಯೂಸರ್‌ನೇಮ್' ಆಯಿತು, 6.4ರಲ್ಲಿ ಹಳೆಯದನ್ನು ತೆಗೆದೇಬಿಟ್ಟರು. ಮುಂದೆ 7.2ಕ್ಕೆ ಹೋಗುವವರು ಇನ್ನೊಂದು ನೆನಪಿಡಿ. ಟೋಕನ್ನನ್ನು ಮೆಸೇಜ್ ಒಳಗೆ 'ಆಥ್' ಅಂತ ಕಳಿಸುವ ರೀತಿ ಅಲ್ಲಿಲ್ಲ, ಹೆಡರ್‌ನಲ್ಲೇ ಕಳಿಸಬೇಕು. ಕ್ರಾನ್ ಪಟ್ಟಿ (ಹೊತ್ತಿಗೆ ಸರಿಯಾಗಿ ತಾವೇ ಓಡುವ ಕೆಲಸಗಳ ಪಟ್ಟಿ) ತೆರೆದು ಎಪಿಐ ಮುಟ್ಟುವ ಪ್ರತಿ ಸ್ಕ್ರಿಪ್ಟನ್ನೂ ಕೈಯಾರೆ ಒಮ್ಮೆ ಓಡಿಸಿ.

ಅಪ್‌ಗ್ರೇಡ್ ಆಗಿದ್ದು ಸ್ವಿಚ್ ಆದರೆ

ಮಾನಿಟರಿಂಗ್ ಸರ್ವರನ್ನು ಯಾರೂ ಮುಟ್ಟಿಲ್ಲ, ಸ್ವಿಚ್‌ನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಮಾತ್ರ ಏರಿಸಿದ್ದಾರೆ, ಆದರೂ ಅಲರ್ಟ್ ಕೆಟ್ಟಿದೆ. ಇದು ಜಾಸ್ತಿ ತಲೆ ತಿನ್ನುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಸ್‌ಎನ್‌ಎಂಪಿಯಲ್ಲಿ ಪ್ರತಿ ಪೋರ್ಟ್‌ಗೂ ಇಫ್‌ಇಂಡೆಕ್ಸ್ ಅನ್ನುವ ಒಂದು ಸಂಖ್ಯೆ ಇರುತ್ತದೆ. ಜ್ಯಾಬಿಕ್ಸ್ ಪೋರ್ಟನ್ನು ಗುರುತು ಹಿಡಿಯುವುದು ಆ ಸಂಖ್ಯೆಯಿಂದ. ಸ್ವಿಚ್ ರೀಬೂಟ್ ಆದಾಗ, ಫರ್ಮ್‌ವೇರ್ ಬದಲಾದಾಗ ಈ ಸಂಖ್ಯೆಗಳು ಬದಲಾಗಬಹುದು. 24ನೇ ಪೋರ್ಟ್‌ನ ಸಂಖ್ಯೆ ನಿನ್ನೆ 10124 ಇದ್ದದ್ದು ಇವತ್ತು 24 ಆಗಿರಬಹುದು, ಅಥವಾ ಅದೇ ಸಂಖ್ಯೆ ಪಕ್ಕದ ಪೋರ್ಟ್‌ಗೆ ಹೋಗಿರಬಹುದು. ಎರಡನೆಯದು ಅಪಾಯ. ಮುಂದಿನ ಡಿಸ್ಕವರಿ (ಪೋರ್ಟ್‌ಗಳನ್ನು ಜ್ಯಾಬಿಕ್ಸ್ ತಾನೇ ಹುಡುಕುವ ಕೆಲಸ) ಓಡುವವರೆಗೆ ಒಂದು ಪೋರ್ಟ್‌ನ ಹೆಸರಿನಲ್ಲಿ ಇನ್ನೊಂದರ ಸುದ್ದಿ ಬರುತ್ತದೆ.

ಮೊದಲನೆಯದರಲ್ಲಿ ಬೇರೆ ಥರದ ಅಪಾಯ ಇದೆ. ಹೊಸ ಸಂಖ್ಯೆಗೆ ಡಿಸ್ಕವರಿ ಹೊಸ ಐಟಂ, ಹೊಸ ಟ್ರಿಗರ್ ಹುಟ್ಟಿಸುತ್ತದೆ. ಜ್ಯಾಬಿಕ್ಸ್ ಜೊತೆ ಬರುವ ನೆಟ್‌ವರ್ಕ್ ಟೆಂಪ್ಲೇಟ್‌ಗಳಲ್ಲಿ ಲಿಂಕ್ ಡೌನ್ ಟ್ರಿಗರ್ ಹೇಗೆ ಬರೆದಿದ್ದಾರೆ ನೋಡಿ. ಈಗಿನ ಸ್ಥಿತಿ 2 ಇರಬೇಕು, ಅಂದರೆ ಡೌನ್. ಜೊತೆಗೆ ಅದು ಹಿಂದಿನ ಸ್ಥಿತಿಗಿಂತ ಬೇರೆ ಇರಬೇಕು. ಖಾಲಿ ಬಿದ್ದಿರುವ ಪೋರ್ಟ್‌ಗಳೆಲ್ಲ ಕೂಗಬಾರದು ಅಂತ ಹೀಗೆ ಮಾಡಿದ್ದಾರೆ, ಒಳ್ಳೆಯ ಯೋಚನೆಯೇ. ಆದರೆ ಫರ್ಮ್‌ವೇರ್ ಏರಿಸಿದಾಗ ಒಂದು ಅಪ್‌ಲಿಂಕ್ (ಮೇಲಿನ ಸ್ವಿಚ್‌ಗೆ ಹೋಗುವ ಮುಖ್ಯ ಕೊಂಡಿ) ಮೇಲೇಳಲೇ ಇಲ್ಲ ಅಂದುಕೊಳ್ಳಿ. ಹೊಸ ಐಟಂಗೆ ಸಿಗುವ ಮೊದಲ ಮೌಲ್ಯವೇ 2. ಹಿಂದಿನದು ಇಲ್ಲ. ಎರಡನೆಯ ಸಲವೂ 2, ಮೂರನೆಯ ಸಲವೂ 2. ಬದಲಾವಣೆ ಆಗಲೇ ಇಲ್ಲವಲ್ಲ, ಟ್ರಿಗರ್ ಯಾವತ್ತೂ ಕೂಗುವುದಿಲ್ಲ. ಎರಡು ಅಪ್‌ಲಿಂಕ್‌ನಲ್ಲಿ ಒಂದು ಸತ್ತಿದೆ, ನೆಟ್‌ವರ್ಕ್ ಇನ್ನೊಂದರ ಮೇಲೆ ನಡೆಯುತ್ತಿದೆ. ಅದೂ ಹೋದ ದಿನ ಎಲ್ಲರಿಗೂ ಗೊತ್ತಾಗುತ್ತದೆ.

ಹಾಗಾಗಿ ಫರ್ಮ್‌ವೇರ್ ಏರಿಸಿದ ಮೇಲೆ ಹೀಗೆ ಮಾಡಿ. ಹೋಸ್ಟ್‌ನ ಡಿಸ್ಕವರಿ ರೂಲ್ಸ್‌ಗೆ ಹೋಗಿ 'ಎಕ್ಸಿಕ್ಯೂಟ್ ನೌ' ಒತ್ತಿ, ಅದರ ಸಮಯ ಬರುವವರೆಗೆ ಕಾಯಬೇಡಿ. ಲೇಟೆಸ್ಟ್ ಡೇಟಾದಲ್ಲಿ ಪೋರ್ಟ್ ಸ್ಥಿತಿಗಳನ್ನು ಹರವಿಕೊಂಡು ಅಪ್‌ಲಿಂಕ್‌ಗಳನ್ನು ಒಂದೊಂದಾಗಿ ಕಣ್ಣಲ್ಲೇ ನೋಡಿ. ಮುಖ್ಯ ಅಪ್‌ಲಿಂಕ್‌ಗಳಿಗೆ ಬದಲಾವಣೆಯ ಷರತ್ತು ಇಲ್ಲದ, ಡೌನ್ ಇದ್ದರೆ ಸಾಕು ಕೂಗುವ ಬೇರೆ ಟ್ರಿಗರ್ ಬರೆದಿಡಿ. ಸಿಸ್ಕೊ ಐಒಎಸ್ ಸ್ವಿಚ್‌ಗಳಲ್ಲಿ ಇಫ್‌ಇಂಡೆಕ್ಸ್ ಪರ್ಸಿಸ್ಟ್ ಅನ್ನುವ ಆಯ್ಕೆ ಇದೆ, ರೀಬೂಟ್ ಆದರೂ ಸಂಖ್ಯೆ ಉಳಿಸಿಕೊಳ್ಳುತ್ತದೆ. ಅಪ್‌ಗ್ರೇಡ್‌ಗೆ ಮುಂಚೆಯೇ ಆನ್ ಮಾಡಿ.

ಬ್ಯಾಂಡ್‌ವಿಡ್ತ್ ಅಲರ್ಟ್ ಹುಚ್ಚುಚ್ಚಾಗಿ ಬರುತ್ತಿದ್ದರೆ ಕೌಂಟರ್ ನೋಡಿ. ಹೋಸ್ಟ್ ಮತ್ತೆ ಸೇರಿಸುವಾಗ ಎಸ್‌ಎನ್‌ಎಂಪಿ ವರ್ಷನ್ 1 ಆರಿಸಿದ್ದರೆ 64 ಬಿಟ್ ಕೌಂಟರ್ ಸಿಗುವುದಿಲ್ಲ. 32 ಬಿಟ್ ಕೌಂಟರ್ 1 ಗಿಗಾಬಿಟ್ ಲಿಂಕ್ ಪೂರ್ತಿ ತುಂಬಿ ಹರಿದಾಗ ಸುಮಾರು 34 ಸೆಕೆಂಡ್‌ನಲ್ಲಿ ಒಂದು ಸುತ್ತು ಮುಗಿಸಿ ಸೊನ್ನೆಗೆ ಬರುತ್ತದೆ. ನಿಮಿಷಕ್ಕೊಮ್ಮೆ ಓದುವ ಜ್ಯಾಬಿಕ್ಸ್‌ಗೆ ಎಷ್ಟು ಸುತ್ತು ಆಯಿತು ಅಂತ ಹೇಗೆ ಗೊತ್ತಾಗಬೇಕು?

ಮೌನವನ್ನೂ ಕಾಯುವ ವ್ಯವಸ್ಥೆ

ಇಷ್ಟೆಲ್ಲ ಸರಿ ಮಾಡಿದ ಮೇಲೆ ಮೂರು ಕೆಲಸ ಮಾಡಿ. ನಾವು ಆ ಸೋಮವಾರದ ನಂತರ ಮಾಡಿಕೊಂಡಿದ್ದು ಇವನ್ನೇ.

ಒಂದು, ಟ್ರಿಗರ್ ಆಕ್ಷನ್ಸ್ ಪಕ್ಕದಲ್ಲೇ ಇಂಟರ್ನಲ್ ಆಕ್ಷನ್ಸ್ ಇವೆ, ಅವನ್ನು ಆನ್ ಮಾಡಿ. ಐಟಂ ನಾಟ್ ಸಪೋರ್ಟೆಡ್ ಆದರೆ, ಟ್ರಿಗರ್ ಅನ್‌ನೋನ್ ಆದರೆ ನಿಮಗೆ ಮೇಲ್ ಬರುತ್ತದೆ. ಮೊದಲ ವಾರ ತುಂಬಾ ಬರುತ್ತವೆ, ಹಳೆಯ ಕಸ ಅಷ್ಟಿರುತ್ತದೆ. ಬೇಡದ ಐಟಂಗಳನ್ನು ಡಿಸೇಬಲ್ ಮಾಡುತ್ತಾ ಹೋಗಿ. ಕಸ ಖಾಲಿಯಾದ ಮೇಲೆ ಬರುವ ಪ್ರತಿ ಮೇಲ್‌ಗೂ ಬೆಲೆ ಇರುತ್ತದೆ.

ಎರಡು, ಜ್ಯಾಬಿಕ್ಸ್ ಸತ್ತರೆ ಹೇಳುವವರು ಜ್ಯಾಬಿಕ್ಸ್ ಒಳಗೆ ಇರಲಾಗದು. ಬೇರೊಂದು ಮಷಿನ್‌ನಲ್ಲಿ ಚಿಕ್ಕ ಸ್ಕ್ರಿಪ್ಟ್ ಇಡಿ. ಜ್ಯಾಬಿಕ್ಸ್‌ನಿಂದ ದಿನಾ ಬೆಳಗ್ಗೆ ಎಂಟಕ್ಕೆ ಒಂದು ಪರೀಕ್ಷೆಯ ಮೇಲ್ ಹೊರಡಬೇಕು, ಆ ಸ್ಕ್ರಿಪ್ಟ್ ಮೇಲ್‌ಬಾಕ್ಸ್ ನೋಡಿ ಎಂಟೂಕಾಲಿಗೂ ಬರದಿದ್ದರೆ ಬೇರೆ ದಾರಿಯಲ್ಲಿ ನಿಮಗೆ ಮೆಸೇಜ್ ಕಳಿಸಬೇಕು. ಪರೀಕ್ಷೆಯ ಪ್ರಾಬ್ಲಂ ಹುಟ್ಟಿಸಲು ಹೊರಗಿನಿಂದ ಕಳಿಸಿದ ಡೇಟಾ ಪಡೆಯುವ ಒಂದು ಟ್ರ್ಯಾಪರ್ ಐಟಂ ಮಾಡಿ, ಕ್ರಾನ್‌ನಿಂದ ಜ್ಯಾಬಿಕ್ಸ್ ಸೆಂಡರ್ ಮೂಲಕ ಅದಕ್ಕೆ 1 ಕಳಿಸಿ, ಆಮೇಲೆ 0 ಕಳಿಸಿ. ಟ್ರಿಗರ್‌ನಿಂದ ಮೀಡಿಯಾವರೆಗೆ ಇಡೀ ದಾರಿ ದಿನಾ ಒಮ್ಮೆ ಪರೀಕ್ಷೆ ಆಗುತ್ತದೆ.

ಮೂರು, ಮುಂದಿನ ಅಪ್‌ಗ್ರೇಡ್‌ಗೆ ಹತ್ತು ನಿಮಿಷ ಮುಂಚೆ ಸಿಸ್ಟಂ ಇನ್ಫರ್ಮೇಷನ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಹೋಸ್ಟ್ ಎಷ್ಟು, ಐಟಂ ಎಷ್ಟು, ನಾಟ್ ಸಪೋರ್ಟೆಡ್ ಎಷ್ಟು, ಟ್ರಿಗರ್ ಎಷ್ಟು, ಸೆಕೆಂಡಿಗೆ ಎಷ್ಟು ಮೌಲ್ಯಗಳು ಬರಬೇಕು, ಎಲ್ಲ ಅದೊಂದೇ ಪುಟದಲ್ಲಿದೆ. ಅಪ್‌ಗ್ರೇಡ್ ಆಗಿ ಒಂದು ಗಂಟೆಗೆ ಇನ್ನೊಂದು ತೆಗೆದು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಕಳೆದ ಸಲ 7.0ರ ಚಿಕ್ಕ ಅಪ್‌ಡೇಟ್ ಹಾಕಿದಾಗ ಅಂಕಿಗಳೆಲ್ಲ ಹೊಂದಿದವು. ಆದರೂ ಜೊತೆಗಿದ್ದ ಹುಡುಗನಿಗೆ, "ರ‍್ಯಾಕ್ ಹತ್ರ ಹೋಗಿ ಟೆಸ್ಟ್ ಸ್ವಿಚ್ಚಿನ ಕೇಬಲ್ ತೆಗಿಯಪ್ಪ" ಅಂದೆ. ಮೂರು ನಿಮಿಷ ಇಬ್ಬರೂ ಮೊಬೈಲ್ ನೋಡುತ್ತಾ ನಿಂತೆವು. ಮೊದಲು ಅವನ ಜೇಬು ಗುನುಗಿತು, ಆಮೇಲೆ ನನ್ನದು. ಕೇಬಲ್ ಮತ್ತೆ ಹಾಕಿಸಿ, ರಿಕವರಿ ಮೆಸೇಜ್ ಬಂದ ಮೇಲೆ ಮೇಂಟೆನೆನ್ಸ್ ತೆಗೆದು ಮನೆಗೆ ಹೊರಟೆವು. ಟೆಸ್ಟ್ ಸ್ವಿಚ್ಚನ್ನು ಮಾತ್ರ ಮೇಂಟೆನೆನ್ಸ್‌ನಿಂದ ಮೊದಲೇ ಹೊರಗಿಟ್ಟಿದ್ದೆವು, ನೀವೂ ಹಾಗೇ ಇಡಿ. ಇಲ್ಲದಿದ್ದರೆ ಕೇಬಲ್ ತೆಗೆದರೂ ಮೆಸೇಜ್ ಬರುವುದಿಲ್ಲ.